ನಿದ್ದೆಗೊಂದು ಕಹಿ ಬಳ್ಳಿ

ಕಳೆದ ಮಳೆಗಾಲದಲ್ಲಿ ಅವ್ವ ಕಲಬುರಗಿಯಿಂದ ಮಣಿಕೊಂಡದ ನಮ್ಮ ಮನೆಗೆ ಬಂದಿದ್ದಳು. ಬಂದ ನಾಲ್ಕನೆಯ ದಿನ ಬೆಳಿಗ್ಗೆ ಹತ್ತಾದರೂ ಏಳಲಿಲ್ಲ. ಐದಕ್ಕೆಲ್ಲ ಎದ್ದು ಬಾಲ್ಕನಿಯ ತುಳಸಿಗೆ ನೀರು ಹಾಕಿ, ಎದುರಿನ ಅಪಾರ್ಟ್‌ಮೆಂಟಿನ ಅಂತಸ್ತು ಎಣಿಸುತ್ತ ಕೂರುವ ಹೆಂಗಸು ಅವಳು. ರಾತ್ರಿಪಾಳಿ ಮುಗಿಸಿ ನಸುಕಿನಲ್ಲಿ ಬಂದು ಮಲಗಿದ್ದ ನಾನು ಎದ್ದು ಅಲುಗಾಡಿಸಿದರೆ ಅರ್ಧ ಕಣ್ಣು ತೆರೆದು, ತೊದಲಿ, ಮತ್ತೆ ಗೋಡೆಯ ಕಡೆ ಹೊರಳಿದಳು. ಕೈಕಾಲು ನಡುಗಿದ್ದು ನನಗೆ.

ಬೀದಿಯ ತುದಿಯ ಕ್ಲಿನಿಕ್ಕಿಗೆ ಹೇಗೋ ಕರೆದೊಯ್ದೆ. ಡಾಕ್ಟರು ಬಿಪಿ ನೋಡಿದರು, ಸಕ್ಕರೆ ನೋಡಿದರು, ಆಮೇಲೆ ರಾತ್ರಿ ಏನೇನು ತಗೊಂಡಿದ್ದಾರೆ ಎಂದು ಕೇಳಿದರು. ಬಿಪಿಯದೊಂದು ಮಾತ್ರೆ, ಊರಿನ ಡಾಕ್ಟರು ಬರೆದುಕೊಟ್ಟ ನಿದ್ದೆಯದೊಂದು ಮಾತ್ರೆ ಎಂದೆ. ಆಗ ಅವ್ವ ಮೆಲ್ಲಗೆ ಬಾಯಿಬಿಟ್ಟಳು: "ನಿನ್ನ ಬಾಟಲಿಯಾಗಿನವು ಎರಡು ನುಂಗೀನಿ. ಗಿಡಮೂಲಿಕಿ ಅಂತ ನೀನೇ ಅಂದಿದ್ದಿ. ಗಿಡಮೂಲಿಕಿ ಏನ್ ಮಾಡ್ತದ ಅಂತ ತಗೊಂಡೆ."

ಆನ್‌ಲೈನಿನಲ್ಲಿ ತರಿಸಿಕೊಂಡ ಆ ಬಾಟಲಿಯ ಫೋಟೋ ಫೋನಿನಲ್ಲೇ ಇತ್ತು. ಡಾಕ್ಟರು ಅದರ ಚೀಟಿಯನ್ನು ದೊಡ್ಡದು ಮಾಡಿ ಓದಿದರು. ವಲೇರಿಯನ್ ಬೇರು, ಹಾಪ್ಸ್ ಹೂ. "ನಿದ್ದೆ ಮಾತ್ರೆಯ ಮೇಲೆ ಮತ್ತೆ ನಿದ್ದೆಯದನ್ನೇ ಹೇರಿದ್ದಾರೆ. ಒಂದರ ಮಂಪರಿಗೆ ಇನ್ನೊಂದು ಸೇರಿರಬಹುದು" ಎಂದರು. ಸಂಜೆಯ ಹೊತ್ತಿಗೆ ಅವ್ವ ಸರಿಹೋದಳು. ಆಟೋದಲ್ಲಿ ಮನೆಗೆ ಬರುವಾಗ ಕೇಳಿದಳು: "ಹಾಪ್ಸ್ ಅಂದ್ರ ಎಂಥಾ ಗಿಡ? ಯಾ ಊರಾಗ ಬೆಳೀತದ? ಅದು ನಿದ್ದಿಗೆ ಬರ್ತದ ಅಂತ ಯಾರು ಹೇಳ್ಯಾರ?"

ಎಂಟು ತಿಂಗಳಿಂದ ಅದನ್ನೇ ನುಂಗುತ್ತಿದ್ದ ನನ್ನ ಬಳಿ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಮುಂದಿನ ಕೆಲವು ವಾರ ಅವುಗಳ ಬೆನ್ನು ಹತ್ತಿದೆ. ಸಿಕ್ಕದ್ದನ್ನು ಅವಳು ಕೇಳಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

* * *

ಮೊದಲು ಗಿಡ. ಹಾಪ್ಸ್ ಗಿಡವಲ್ಲ, ಬಳ್ಳಿ. ಸಸ್ಯಶಾಸ್ತ್ರದಲ್ಲಿ ಹ್ಯೂಮ್ಯುಲಸ್ ಲುಪ್ಯುಲಸ್. ಬೇರು ನೆಲದಡಿಯಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಮೇಲಿನ ಹಂಬು ಚಳಿಗಾಲಕ್ಕೆ ಸಾಯುತ್ತದೆ. ವಸಂತದಲ್ಲಿ ಮತ್ತೆ ಚಿಗುರಿ, ಹಗ್ಗವೋ ಕಂಬವೋ ಸಿಕ್ಕರೆ ಸುತ್ತಿಕೊಂಡು ಒಂದೇ ಬೇಸಿಗೆಯಲ್ಲಿ ಎರಡು ಆಳಿಗಿಂತ ಎತ್ತರ ಏರುತ್ತದೆ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಔಷಧಕ್ಕೂ ಬಿಯರಿಗೂ ಬೇಕಾದದ್ದು ಹೆಣ್ಣು ಬಳ್ಳಿಯ ಹೂಗೊಂಚಲು. ಹಸಿರು ಎಸಳುಗಳು ಒಂದರ ಮೇಲೊಂದು ಹೊದ್ದುಕೊಂಡು ಪುಟ್ಟ ಪೈನ್ ಕಾಯಿಯ ಹಾಗೆ ಕಾಣುತ್ತದೆ. ಬಿಡಿಸಿದರೆ ಎಸಳಿನ ಬುಡದಲ್ಲಿ ಅರಿಸಿನ ಉದುರಿಸಿದಂತೆ ಹಳದಿ ಹುಡಿ ಅಂಟಿರುತ್ತದೆ. ಅದರ ಹೆಸರು ಲುಪುಲಿನ್. ಕಹಿ, ಘಾಟು, ಅಂಟು ಎಲ್ಲ ಇರುವುದು ಅದರಲ್ಲೇ.

ಈ ಬಳ್ಳಿಯ ಹತ್ತಿರದ ನೆಂಟ ನಮಗೆ ಚೆನ್ನಾಗಿ ಗೊತ್ತಿರುವ ಭಂಗಿ. ಎರಡೂ ಒಂದೇ ಕುಟುಂಬದವು. ಅರಬ್ಬಿಯಲ್ಲಿ ಹಾಪ್ಸ್‌ಗೆ ಹಶೀಶತ್ ಅದ್-ದೀನಾರ್ ಎನ್ನುತ್ತಾರೆ. ಹಶೀಶ್ ಎಂದರೆ ಮೂಲದಲ್ಲಿ ಬರೀ ಹುಲ್ಲು, ಸೊಪ್ಪು. ನೆಂಟಸ್ತಿಕೆ ಇದ್ದರೂ ಭಂಗಿಯ ಮತ್ತು ಹಾಪ್ಸ್‌ನಲ್ಲಿಲ್ಲ. ಗಾಂಜಾದ ಅಮಲಿಗೆ ಕಾರಣವಾದ ದ್ರವ್ಯ ಈ ಬಳ್ಳಿಯಲ್ಲಿ ಉತ್ಪತ್ತಿಯಾಗುವುದಿಲ್ಲ.

ಇನ್ನು ಯಾವ ಊರು. ಹಾಪ್ಸ್ ಉತ್ತರದ ಸಮಶೀತೋಷ್ಣ ದೇಶಗಳ ಬಳ್ಳಿ. ಸುಮಾರು 35ರಿಂದ 55 ಡಿಗ್ರಿ ಅಕ್ಷಾಂಶದ ನಡುವೆ ಸುಖವಾಗಿರುತ್ತದೆ. ಚಳಿಗಾಲದಲ್ಲಿ ಬೇರಿಗೆ ಗಟ್ಟಿ ಚಳಿ ಬೇಕು. ಬೇಸಿಗೆಯಲ್ಲಿ ಹದಿನೈದು ಹದಿನಾರು ಗಂಟೆಯ ದೀರ್ಘ ಹಗಲು ಬೇಕು. ಹಗಲು ಮೊಟಕಾಗಿದ್ದರೆ ಬಳ್ಳಿ ಎತ್ತರ ಬೆಳೆಯುವ ಮೊದಲೇ ಅವಸರಕ್ಕೆ ಬಿದ್ದು ನಾಲ್ಕು ಹೂ ಬಿಟ್ಟು ಸುಮ್ಮನಾಗುತ್ತದೆ. ಹೈದರಾಬಾದಿನಲ್ಲಿ ವರ್ಷದ ಅತಿ ದೀರ್ಘ ಹಗಲೇ ಹದಿಮೂರು ಗಂಟೆಗಿಂತ ತುಸು ಹೆಚ್ಚು. ಬೆಂಗಳೂರಿನಲ್ಲಿ ಅಷ್ಟೂ ಇಲ್ಲ. ಹಾಗಾಗಿ ಕನ್ನಡ ನೆಲದ ಯಾವ ಅಜ್ಜಿಯೂ ಈ ಬಳ್ಳಿಯನ್ನು ಹಿತ್ತಲಲ್ಲಿ ಕಂಡವಳಲ್ಲ. ನಮ್ಮಲ್ಲಿ ಅದಕ್ಕೊಂದು ಮನೆಮಾತಿನ ಹೆಸರೂ ಹುಟ್ಟಲಿಲ್ಲ.

* * *

ಮೂರನೆಯ ಪ್ರಶ್ನೆಯೇ ಕಷ್ಟದ್ದು. ನಿದ್ದೆಗೆ ಬರುತ್ತದೆ ಎಂದು ಯಾರು ಹೇಳಿದರು?

ಹಳೆಯ ವೈದ್ಯರು ಹೇಳಿರಬೇಕು ಎಂದುಕೊಂಡೇ ಹುಡುಕಲು ಹೊರಟೆ. ಆದರೆ ಹಾಪ್ಸ್‌ನ ಹಳೆಯ ದಾಖಲೆಗಳಲ್ಲಿ ಮುಂದೆ ನಿಲ್ಲುವುದು ಪಾನೀಯ. ಕ್ರಿ.ಶ. 822ರಲ್ಲಿ ಈಗಿನ ಫ್ರಾನ್ಸಿನ ಕೋರ್ಬಿ ಮಠದ ಅಧಿಪತಿ ಅಡಲ್‌ಹಾರ್ಡ್ ಬರೆಸಿದ ಮಠದ ಕಟ್ಟಳೆಗಳಲ್ಲಿ ಬಿಯರಿಗೆ ಹಾಪ್ಸ್ ಕೂಡಿಸುವ ಮಾತಿದೆ. ಮೂರು ಶತಮಾನ ಕಳೆದ ಮೇಲೆ ಜರ್ಮನಿಯ ಸನ್ಯಾಸಿನಿ ಬಿಂಗೆನ್ನಿನ ಹಿಲ್ಡೆಗಾರ್ಡ್ (1098–1179) ಗಿಡಮೂಲಿಕೆಗಳ ಬಗ್ಗೆ ಬರೆಯುತ್ತ ಹಾಪ್ಸ್‌ಗೂ ಒಂದು ಅಧ್ಯಾಯ ಕೊಟ್ಟಳು. ಅವಳ ತೀರ್ಪು ಅಷ್ಟೇನೂ ಒಳ್ಳೆಯದಲ್ಲ. ಈ ಬಳ್ಳಿ ಬಿಸಿ ಮತ್ತು ಒಣ ಗುಣದ್ದು, ಮನುಷ್ಯನಲ್ಲಿ ವಿಷಣ್ಣತೆ ಹೆಚ್ಚಿಸುತ್ತದೆ, ಆದರೆ ಅದರ ಕಹಿ ಪಾನೀಯಗಳನ್ನು ಕೆಡದಂತೆ ಕಾಯುತ್ತದೆ ಎಂಬುದು ಅವಳ ಅಭಿಪ್ರಾಯದ ಸಾರ. ನಿದ್ದೆಯ ಸುದ್ದಿ ಅದರಲ್ಲಿಲ್ಲ.

'ಬಿಸಿ, ಒಣ, ವಿಷಣ್ಣತೆ' ಎಂಬ ಈ ಮಾತು ಓದಿದಾಗ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಕೇಳಿದ್ದೇನೆ, ಇದೇ ಹೈದರಾಬಾದಿನಲ್ಲಿ. ಚಾರ್‌ಮಿನಾರಿನ ಪಕ್ಕದಲ್ಲೇ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಕಾಲದ ಯುನಾನಿ ಆಸ್ಪತ್ರೆ ಮತ್ತು ನಿಜಾಮಿಯಾ ತಿಬ್ಬಿ ಕಾಲೇಜು ಇವೆ. ಅಲ್ಲಿನ ಹಕೀಮರು ಇವತ್ತಿಗೂ ರೋಗಿಯ ಮಿಜಾಜು ಬಿಸಿಯೋ ತಂಪೋ, ಒಣವೋ ಹಸಿಯೋ ಎಂದೇ ಮಾತು ಶುರುಮಾಡುತ್ತಾರೆ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಲೆಕ್ಕ ಅವರದು. ಕಪ್ಪು ಪಿತ್ತಕ್ಕೆ ಅವರ ಮಾತು ಸೌದಾ. ಅದು ಹೆಚ್ಚಾದರೆ ಮನಸ್ಸು ಮಂಕಾಗುತ್ತದೆ. ಹಿಲ್ಡೆಗಾರ್ಡ್ ಹೇಳಿದ ವಿಷಣ್ಣತೆ ಇದೇ. ಗ್ರೀಸಿನ ಹಿಪೊಕ್ರೆಟಿಸ್ ಮತ್ತು ಗ್ಯಾಲೆನ್ ಪರಂಪರೆಯ ಈ ಲೆಕ್ಕ ಒಂದು ಕವಲಿನಲ್ಲಿ ಯೂರೋಪಿನ ಮಠಗಳಿಗೆ ಹೋಯಿತು. ಇನ್ನೊಂದು ಕವಲಿನಲ್ಲಿ ಅರಬ್ಬರ, ಪಾರಸಿಗಳ, ಇಬ್ನ್ ಸೀನಾನ ಗ್ರಂಥಗಳ ಮೂಲಕ ದಖ್ಖನಕ್ಕೆ ಬಂತು. ನಮ್ಮ ಕಡೆ ಆಸ್ಪತ್ರೆಗೆ ಈಗಲೂ ದವಾಖಾನಿ ಎನ್ನುವುದು ಆ ಎರಡನೆಯ ಕವಲಿನ ಬಳುವಳಿ. ಹನ್ನೆರಡನೆಯ ಶತಮಾನದ ಜರ್ಮನ್ ಸನ್ಯಾಸಿನಿಯ ವೈದ್ಯದ ಮಾತು ಚಾರ್‌ಮಿನಾರಿನ ಹಕೀಮರಿಗೆ ಭಾಷಾಂತರವಿಲ್ಲದೆ ಅರ್ಥವಾದೀತು. ನನ್ನ ಡಾಕ್ಟರಿಗೆ ಆಗಲಾರದು.

ಅವಳು ಹೇಳಿದ ಎರಡು ಮಾತುಗಳಲ್ಲಿ ಕಾಲದ ಪರೀಕ್ಷೆಗೆ ನಿಂತದ್ದು ಎರಡನೆಯದು. ಲುಪುಲಿನ್ನಿನ ಕಹಿ ಆಮ್ಲಗಳು ಬಿಯರನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗಳ ಪೊರೆಯನ್ನು ಕೆಡಿಸಿ ಅವುಗಳ ಬೆಳವಣಿಗೆ ತಡೆಯುತ್ತವೆ. ಹುದುಗಿಸುವ ಯೀಸ್ಟಿಗೆ ಅಷ್ಟು ತೊಂದರೆ ಕೊಡುವುದಿಲ್ಲ. 1516ರಲ್ಲಿ ಬವೇರಿಯಾದ ದೊರೆಗಳು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದು ಎಂದು ಕಾನೂನು ಮಾಡಿದರು. ಅಲ್ಲಿಂದ ಬಳ್ಳಿಯ ಬದುಕು ಭದ್ರವಾಯಿತು.

ವೈದ್ಯರೂ ಅದನ್ನು ಬಿಡಲಿಲ್ಲ. 1652ರಲ್ಲಿ ಲಂಡನ್ನಿನ ನಿಕೊಲಸ್ ಕಲ್ಪೆಪರ್ ಬಡವರಿಗೂ ಓದಲು ಸಿಗಲೆಂದು ಲ್ಯಾಟಿನ್ ಬಿಟ್ಟು ಇಂಗ್ಲಿಷಿನಲ್ಲಿ ಬರೆದ ಮೂಲಿಕೆ ಪುಸ್ತಕದಲ್ಲಿ ಹಾಪ್ಸ್ ಇದೆ. ಪಿತ್ತಕೋಶ, ಗುಲ್ಮಗಳ ಅಡಚಣೆ ಬಿಡಿಸುತ್ತದೆ, ರಕ್ತ ಶುದ್ಧಿ ಮಾಡುತ್ತದೆ, ಮೂತ್ರ ಇಳಿಸುತ್ತದೆ, ತುರಿ ಕಜ್ಜಿಗೆ ಒಳ್ಳೆಯದು ಎನ್ನುತ್ತಾನೆ. ನಮ್ಮಲ್ಲಿ ಬೇವಿಗೆ, ನೆಲಬೇವಿಗೆ ಹೇಳುವುದನ್ನೇ ಅಲ್ಲಿ ಹಾಪ್ಸ್‌ಗೆ ಹೇಳಿದ್ದಾರೆ. ಕಹಿಯಾದದ್ದೆಲ್ಲ ರಕ್ತ ಶುದ್ಧಿಗೆ ಎಂಬ ನಂಬಿಕೆಗೆ ದೇಶಗಳ ಗಡಿ ಇದ್ದಂತಿಲ್ಲ.

ನಿದ್ದೆಯ ಮಾತು ಬಲವಾಗಿ ಕೇಳಿಬರುವುದು ಹದಿನೆಂಟನೆಯ ಶತಮಾನದ ಕೊನೆಗೆ. ಒಣಗಿದ ಹಾಪ್ಸ್ ತುಂಬಿದ ದಿಂಬಿನ ಮೇಲೆ ತಲೆಯಿಟ್ಟರೆ ನಿದ್ದೆ ಬರುತ್ತದೆ ಎಂಬುದು ಇಂಗ್ಲೆಂಡಿನ ಮನೆಮದ್ದು. ಬುದ್ಧಿಭ್ರಮೆಯ ಕಾಟದಲ್ಲಿ ನಿದ್ದೆಗೆಟ್ಟ ದೊರೆ ಮೂರನೆಯ ಜಾರ್ಜನಿಗೂ ಇಂಥದೊಂದು ದಿಂಬು ಕೊಟ್ಟಿದ್ದರೆಂದು ಹೇಳುತ್ತಾರೆ. ಹಾಪ್ಸ್ ತೋಟದ ಕೂಲಿಗಳು ಕೊಯ್ಲಿನ ದಿನಗಳಲ್ಲಿ ತೂಕಡಿಸುತ್ತಾರೆ ಎಂಬ ಮಾತೂ ಜನರ ಬಾಯಲ್ಲಿತ್ತು. ದಿನವಿಡೀ ಬಿಸಿಲಲ್ಲಿ ಹೂ ಬಿಡಿಸಿದವರು ತೂಕಡಿಸಲು ಬೇರೆ ಔಷಧ ಬೇಕೇ ಎಂದು ಯಾರೂ ಕೇಳಿದಂತಿಲ್ಲ.

1820ರಲ್ಲಿ ನ್ಯೂಯಾರ್ಕಿನ ವೈದ್ಯ ಐವ್ಸ್ ಆ ಹಳದಿ ಹುಡಿಯನ್ನು ಬೇರ್ಪಡಿಸಿ, ಲುಪುಲಿನ್ ಎಂದು ಹೆಸರಿಟ್ಟು, ಔಷಧವಾಗಿ ಬಳಸಬೇಕೆಂದು ಬರೆದ. ಆ ಶತಮಾನದ ಬಹುಭಾಗ ಅಮೆರಿಕ ಮತ್ತು ಬ್ರಿಟನ್ನಿನ ಅಧಿಕೃತ ಔಷಧಕೋಶಗಳಲ್ಲಿ ಹಾಪ್ಸ್ ಇತ್ತು. ಅಫೀಮು ಒಗ್ಗದವರಿಗೆ ಅದರ ಬದಲಿಗೆ ಇದನ್ನು ಕೊಡುತ್ತಿದ್ದರು. ಔಷಧ ಇದ್ದಲ್ಲಿ ಅಂಗಡಿಯವನೂ ಬರುತ್ತಾನೆ. 1870ರ ದಶಕದಿಂದ ರೋಚೆಸ್ಟರಿನ ಏಸಾ ಸೂಲ್ ಎಂಬ ವ್ಯಾಪಾರಿ 'ಹಾಪ್ ಬಿಟರ್ಸ್' ಎಂಬ ಬಾಟಲಿ ಮಾರಿ ಶ್ರೀಮಂತನಾದ. ಸುಸ್ತು, ನಿದ್ರಾಹೀನತೆ, ಹೆಂಗಸರ ಕಾಯಿಲೆ ಎಲ್ಲಕ್ಕೂ ಅದೇ ಬಾಟಲಿ. ಜಾಹೀರಾತಿಗೆಂದು ಅದೇ ಹೆಸರಿನ ಬೇಸ್‌ಬಾಲ್ ತಂಡವನ್ನೂ ಕಟ್ಟಿದ. ಬಾಟಲಿಯಲ್ಲಿ ಮದ್ಯವೂ ಸಾಕಷ್ಟಿತ್ತು. ಕುಡಿದವರಿಗೆ ನಿದ್ದೆ ಬಂದದ್ದು ಯಾವುದರಿಂದ ಎಂಬ ಅನುಮಾನ ಸಹಜ.

* * *

ಅದೇ ಕಾಲದಲ್ಲಿ ಹಾಪ್ಸ್ ನಮ್ಮ ದೇಶಕ್ಕೂ ಬಂದಿತ್ತು. ಬಂದದ್ದು ಔಷಧಕ್ಕಲ್ಲ, ದಂಡಿನ ಸೋಲ್ಜರುಗಳ ಬಾಯಾರಿಕೆಗೆ. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಿಂದ ಲಂಡನ್ನಿನ ಜಾರ್ಜ್ ಹಾಡ್ಜ್‌ಸನ್ ಮುಂತಾದವರು ಹೆಚ್ಚು ಹಾಪ್ಸ್ ಹಾಕಿದ ಬಿಯರನ್ನು ಆಫ್ರಿಕಾ ಸುತ್ತಿ ಬರುವ ಹಡಗುಗಳಲ್ಲಿ ಇಲ್ಲಿಗೆ ಕಳಿಸುತ್ತಿದ್ದರು. ತಿಂಗಳುಗಟ್ಟಲೆಯ ಸೆಖೆಯ ಪಯಣದಲ್ಲಿ ಬಿಯರು ಹುಳಿಯದಂತೆ ಕಾದದ್ದರಲ್ಲಿ ಹಿಲ್ಡೆಗಾರ್ಡ್ ಕಂಡ ಕಹಿಯ ಪಾಲು ದೊಡ್ಡದು. ಇವತ್ತು ಗಚ್ಚಿಬೌಲಿಯ, ಇಂದಿರಾನಗರದ ಪಬ್ಬುಗಳ ಹಲಗೆಯ ಮೇಲೆ ಬರೆದಿರುವ ಐಪಿಎ ಎಂಬ ಮೂರಕ್ಷರದಲ್ಲಿ ಮೊದಲನೆಯದು ಇಂಡಿಯಾ.

ಆಮೇಲೆ ಬಿಯರನ್ನು ಇಲ್ಲಿಯೇ ಮಾಡಲು ತೊಡಗಿದರು. ಕಸೌಲಿ, ಮರ್ರಿ, ನೀಲಗಿರಿ ಬೆಟ್ಟಗಳಲ್ಲಿ, ನಂತರ ಬೆಂಗಳೂರಿನ ದಂಡಿನಲ್ಲಿ ಬ್ರೂವರಿಗಳು ಎದ್ದವು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್‌ಲೆಂಡಿನವನು ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಬಾರ್ಲಿ ಇಲ್ಲಿ ಸಿಗುತ್ತಿತ್ತು, ಹಾಪ್ಸ್ ಮಾತ್ರ ಹಡಗಿನಲ್ಲೇ ಬರಬೇಕು. ಅದಕ್ಕೆಂದೇ ಕಾಶ್ಮೀರದ ಮಹಾರಾಜರ ಆಡಳಿತ ಸೋಪೋರಿನ ಹತ್ತಿರ ಹಾಪ್ಸ್ ತೋಟ ಹಾಕಿಸಿತ್ತು. 1895ರಲ್ಲಿ ವಾಲ್ಟರ್ ಲಾರೆನ್ಸ್ ಕಾಶ್ಮೀರ ಕಣಿವೆಯ ಬಗ್ಗೆ ಬರೆದ ಪುಸ್ತಕದಲ್ಲಿ ಅದರ ವಿವರವಿದೆ. ಸ್ವಾತಂತ್ರ್ಯಾನಂತರ, 1970ರ ದಶಕದಿಂದ, ಹಿಮಾಚಲದ ಲಾಹೌಲಿನ ರೈತರೂ ಈ ಬಳ್ಳಿ ಬೆಳೆದರು. ಬೆಂಗಳೂರಿನ ಬಿಯರಿಗೆ ಶತಮಾನದಿಂದ ಹಾಪ್ಸ್ ಬೀಳುತ್ತಿದ್ದರೂ ಅದನ್ನು ಔಷಧವೆಂದು ನಮ್ಮ ವೈದ್ಯರು ಮನೆಗೆ ಕರೆಯಲಿಲ್ಲ. ಕರೆಯುವ ಅಗತ್ಯವೂ ಅವರಿಗಿರಲಿಲ್ಲ. ಜಟಾಮಾಂಸಿ, ತಗರ, ಅಶ್ವಗಂಧ, ಸರ್ಪಗಂಧ ಅವರ ಪೆಟ್ಟಿಗೆಯಲ್ಲೇ ಇದ್ದವು. ನನ್ನ ಬಾಟಲಿಯಲ್ಲಿ ಹಾಪ್ಸ್ ಜೊತೆಗಿದ್ದ ವಲೇರಿಯನ್ ನಮ್ಮ ತಗರದ ಅಕ್ಕತಂಗಿ ಎಂಬುದು ನನಗೆ ತಿಳಿದದ್ದು ಈ ಹುಡುಕಾಟದಲ್ಲೇ. ಹಿಮಾಲಯದ ಬೇರನ್ನು ಬಿಟ್ಟು ಯೂರೋಪಿನ ಬೇರಿಗೆ ನಾನು ಡಾಲರಿನ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದೆ.

* * *

ಹಾಗಾದರೆ ಔಷಧವಾಗಿ ಹಾಪ್ಸ್ ಯಾಕೆ ಮರೆಯಾಯಿತು, ಯಾಕೆ ಮರಳಿ ಬಂತು? ಇದಕ್ಕೆ ಉತ್ತರ ಬಳ್ಳಿಯಲ್ಲಿಲ್ಲ, ಕಾರ್ಖಾನೆಯಲ್ಲಿದೆ. 1869ರಲ್ಲಿ ಕ್ಲೋರಲ್ ಹೈಡ್ರೇಟ್ ನಿದ್ದೆಯ ಔಷಧವಾಗಿ ಬಂತು. 1903ರಲ್ಲಿ ಜರ್ಮನಿಯಿಂದ ವೆರೊನಾಲ್ ಎಂಬ ಮೊದಲ ಬಾರ್ಬಿಟ್ಯುರೇಟ್ ಬಂತು. ಇಷ್ಟು ಗುಳಿಗೆಗೆ ಇಷ್ಟು ಗಂಟೆ ನಿದ್ದೆ ಎಂಬ ಖಾತ್ರಿಯ ಮುಂದೆ, ತೋಟಕ್ಕೊಂದು ಬಲ, ಹಳತಾದಂತೆ ಇನ್ನೊಂದು ಬಲ ಎನ್ನುವ ಹಾಪ್ಸ್ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅದು ಅಮೆರಿಕದ ಔಷಧಕೋಶದಿಂದ ಹೊರಬಿತ್ತು.

ಮರಳಿ ಬಂದದ್ದೂ ಜರ್ಮನಿಯಿಂದಲೇ. 1957ರಲ್ಲಿ ಅಲ್ಲಿ ನಿರಪಾಯದ ನಿದ್ದೆ ಮಾತ್ರೆ ಎಂದು ಥ್ಯಾಲಿಡೊಮೈಡ್ ಮಾರಾಟಕ್ಕೆ ಬಂತು. ಗರ್ಭಿಣಿಯರು ನುಂಗಿದರು, ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದರು. 1961ರ ಕೊನೆಗೆ ಅದನ್ನು ಹಿಂದೆಗೆದುಕೊಂಡರು. ಆಮೇಲೆ ಔಷಧ ಕಾನೂನು ಬಿಗಿಯಾಯಿತು. ಬಹುಕಾಲದಿಂದ ಬಳಕೆಯಲ್ಲಿದ್ದ ಗಿಡಮೂಲಿಕೆಗಳನ್ನೂ ಒಂದೊಂದಾಗಿ ತೂಗಿ ನೋಡಲು 1978ರಲ್ಲಿ 'ಕಮಿಷನ್ ಇ' ಎಂಬ ತಜ್ಞರ ಸಮಿತಿ ರಚನೆಯಾಯಿತು. 1984ರಲ್ಲಿ ಆ ಸಮಿತಿ ಚಡಪಡಿಕೆ, ಆತಂಕ, ನಿದ್ದೆಯ ತೊಂದರೆಗೆ ಹಾಪ್ಸ್ ಬಳಸಬಹುದು ಎಂದು ಒಪ್ಪಿತು. ನನ್ನ ಬಾಟಲಿಯಂಥ ಬಾಟಲಿಗಳ ಹಿಂದಿರುವ ಬಲವಾದ ಮುದ್ರೆಗಳಲ್ಲಿ ಇದೊಂದು.

ಆದರೆ ಒಪ್ಪಿಗೆ ಬೇರೆ, ರುಜುವಾತು ಬೇರೆ. ಯೂರೋಪಿನ ಔಷಧ ಪ್ರಾಧಿಕಾರ ಹಾಪ್ಸ್ ಒಂದನ್ನೇ ತೆಗೆದುಕೊಂಡಾಗ ಅದಕ್ಕೆ ಕೊಟ್ಟಿರುವುದು 'ಸಾಂಪ್ರದಾಯಿಕ ಬಳಕೆ' ಎಂಬ ದರ್ಜೆ. ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ ಎಂಬುದೇ ಅದಕ್ಕೆ ಆಧಾರ, ಪ್ರಯೋಗದ ಗಟ್ಟಿ ಸಾಕ್ಷ್ಯವಲ್ಲ. ಸರ್ಪಗಂಧದ ಕಥೆ ಹೀಗಲ್ಲ. 1952ರಲ್ಲಿ ಅದರ ಬೇರಿನಿಂದ ರಿಸರ್ಪಿನ್ ಎಂಬ ಒಂದೇ ದ್ರವ್ಯ ಬೇರ್ಪಟ್ಟಿತು. ಅದು ರಕ್ತದೊತ್ತಡ ಇಳಿಸುವುದನ್ನು ಜಗತ್ತು ಅಳೆದು ನೋಡಿತು, ಅಡ್ಡಪರಿಣಾಮಗಳನ್ನೂ ಬರೆದಿಟ್ಟಿತು. ಹಾಪ್ಸ್‌ನ ನಿದ್ದೆಯ ಗುಟ್ಟು ಹಾಗೆ ಒಂದು ಸೀಸೆಯಲ್ಲಿ ಸಿಕ್ಕಲಿಲ್ಲ. ಕಹಿ ಆಮ್ಲಗಳು ಹಳತಾಗಿ ಒಡೆದಾಗ ಹುಟ್ಟುವ ಒಂದು ದ್ರವ್ಯ ಪ್ರಾಣಿಗಳಿಗೆ ಮಂಪರು ತರಿಸಿದ್ದು ನಿಜ. ಆದರೆ ಒಂದು ಲೋಟ ಕಷಾಯದಲ್ಲಿ ಅದು ಇರುವುದು ತೀರಾ ಅತ್ಯಲ್ಪ. 2012ರಲ್ಲಿ ಸ್ಪೇನಿನ ಸಂಶೋಧಕರು ಪಾಳಿಯಲ್ಲಿ ದುಡಿಯುವ 17 ನರ್ಸುಗಳಿಗೆ ಎರಡು ವಾರ ರಾತ್ರಿಯೂಟದ ಜೊತೆ ಮದ್ಯವಿಲ್ಲದ, ಹಾಪ್ಸ್ ಇರುವ ಬಿಯರು ಕೊಟ್ಟು ನೋಡಿದರು. ಬೇಗ ನಿದ್ದೆ ಹತ್ತಿತು ಎಂದು ವರದಿಯಾಯಿತು. ನನ್ನಂಥ ರಾತ್ರಿಪಾಳಿಯವನಿಗೆ ಖುಷಿಯ ಸುದ್ದಿ. ಆದರೆ ಹದಿನೇಳೇ ಜನ, ಎರಡೇ ವಾರ.

ಗಟ್ಟಿಯಾಗಿ ಗೊತ್ತಾದ ಇನ್ನೊಂದು ಸಂಗತಿ ನಿದ್ದೆಗೆ ಸಂಬಂಧಪಟ್ಟದ್ದಲ್ಲ. ಹಾಪ್ಸ್ ಬಿಡಿಸುವ ಹೆಂಗಸರ ಮುಟ್ಟು ಏರುಪೇರಾಗುತ್ತದೆ ಎಂಬ ಮಾತು ಯೂರೋಪಿನ ತೋಟಗಳಲ್ಲಿ ಮೊದಲಿಂದಲೂ ಇತ್ತು. 1999ರಲ್ಲಿ ವಿಜ್ಞಾನಿಗಳು ಹೂವಿನಲ್ಲಿ ಈಸ್ಟ್ರೋಜನ್ನಿನಂತೆ ವರ್ತಿಸುವ ದ್ರವ್ಯವೊಂದನ್ನು ಗುರುತಿಸಿದರು. ಸಸ್ಯಮೂಲದ ಅಂಥ ದ್ರವ್ಯಗಳಲ್ಲಿ ಬಹಳ ಬಲವಾದದ್ದು ಅದು. ಹಾಗಾಗಿ ಹಾರ್ಮೋನಿಗೆ ಸಂಬಂಧಿಸಿದ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳದೆ ಹಾಪ್ಸ್ ಮುಟ್ಟಬಾರದು. ನಿದ್ದೆಯ ಮಾತ್ರೆ, ಮದ್ಯ ತೆಗೆದುಕೊಳ್ಳುವವರೂ ಅಷ್ಟೇ. ಇದ್ಯಾವುದೂ ನನ್ನ ಬಾಟಲಿಯ ಚೀಟಿಯಲ್ಲಿ ಕಣ್ಣಿಗೆ ಬೀಳುವ ಅಕ್ಷರದಲ್ಲಿರಲಿಲ್ಲ. ದೊಡ್ಡ ಅಕ್ಷರದಲ್ಲಿದ್ದದ್ದು 'ನೈಸರ್ಗಿಕ' ಎಂಬ ಪದ.

* * *

ಎಲ್ಲ ಓದಿ ಮುಗಿಸಿ ಊರಿಗೆ ಫೋನು ಮಾಡಿ ಅವ್ವನಿಗೆ ವರದಿ ಒಪ್ಪಿಸಿದೆ. ಮಠದ ಕಥೆ, ದಿಂಬಿನ ಕಥೆ ಕೇಳಿ ನಕ್ಕಳು. ಕೊನೆಗೆ, "ನೀ ಸಣ್ಣವ ಇದ್ದಾಗ ಜಾಜಿಕಾಯಿ ಹಾಲಾಗ ತೇದು ನಾಲಿಗಿಗೆ ಹಚ್ಚತಿದ್ದೆ. ಎಷ್ಟು ತೇಯಬೇಕು ಅಂತ ನಮ್ಮತ್ತಿ ಬೆರಳು ಹಿಡಿದು ತೋರಿಸಿದ್ದರು. ಒಂದು ಸುತ್ತು, ಎರಡು ಸುತ್ತು. ಹೆಚ್ಚು ಹಾಕಿದರ ಬೈತಿದ್ದರು" ಎಂದಳು.

ನನಗೆ ಬೇಕಿದ್ದ ಉತ್ತರ ಅದರಲ್ಲಿತ್ತು. ಜಾಜಿಕಾಯಿಯೂ ನಿರಪಾಯದ್ದೇನಲ್ಲ, ಹೆಚ್ಚಾದರೆ ವಿಷವೇ. ಹಾಗಾಗಿ ಮನೆಮದ್ದೆಂದರೆ ಎಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಅದರ ಜೊತೆಗೆ ಬೆರಳು ಹಿಡಿದು ಎರಡೇ ಸುತ್ತು ಎನ್ನುವ ಅತ್ತೆಯೊಬ್ಬಳು ಇರುತ್ತಿದ್ದಳು. ಹಾಪ್ಸ್‌ಗೂ ಅದರ ಊರಿನಲ್ಲಿ ಅಂಥವರಿದ್ದರು: ಕೆಡುಕನ್ನೂ ಬರೆದಿಟ್ಟ ಸನ್ಯಾಸಿನಿ, ದಿಂಬು ಹೊಲಿದ ಅಜ್ಜಿ, ತೂಗಿ ನೋಡಿದ ಸಮಿತಿ. ಬಳ್ಳಿ ಬಾಟಲಿಯಾಗಿ ಮಣಿಕೊಂಡಕ್ಕೆ ಬರುವಾಗ ಅವರೆಲ್ಲ ದಾರಿಯಲ್ಲೇ ಉಳಿದುಬಿಟ್ಟರು. ಮೂಲಿಕೆ ಬಂತು, ಅದರ ಅಳತೆ ಬರಲಿಲ್ಲ.

ಮಣಿಕೊಂಡಕ್ಕೆ ಕಲಬುರಗಿಯಿಂದ ಬಂದವರಲ್ಲಿ ನಾವು ಮೊದಲಿಗರಲ್ಲ. ನಮ್ಮ ಬಡಾವಣೆಗಳ ನಡುವಿನ ದರ್ಗಾದಲ್ಲಿ ಮಲಗಿರುವ ಹುಸೇನ್ ಶಾ ವಲಿ ಕಲಬುರಗಿಯ ಬಂದೇನವಾಜರ ವಂಶದವರೆಂದು ಪ್ರತೀತಿ. ಹುಸೇನ್ ಸಾಗರ ಕೆರೆ ಕಟ್ಟಿಸಿದವರು ಅವರೇ ಎನ್ನುತ್ತಾರೆ. ಮೊನ್ನೆ ಪಾಳಿ ಮುಗಿಸಿ ಬರುವಾಗ ಆ ಕಡೆಯಿಂದ ನಸುಕಿನ ಆಜಾನ್ ಕೇಳಿಸಿತು. ಊರು ಏಳುವ ಹೊತ್ತಿಗೆ ಮಲಗಲು ಹೋಗುವವನ ನಿದ್ದೆಗೆ ಜರ್ಮನಿಯ ಬಳ್ಳಿ ತಾನೇ ಏನು ಮಾಡೀತು ಅನ್ನಿಸಿತು.

ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿದೆ. ಅದನ್ನು ಅವ್ವನ ಕೈಗೆ ಸಿಗದ ಕಪಾಟಿಗೆ ಏರಿಸಿದ್ದೇನೆ. ಹಗಲು ಪಾಳಿಗೆ ಹಾಕಿ ಎಂದು ಮ್ಯಾನೇಜರಿಗೆ ಮೇಲ್ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.